ಒಂದೇ ಕಡತ, ಒಂಬತ್ತು ತಾಣ

ಪುಣೆ ಜಿಲ್ಲೆಯ ಸರ್ಕಾರಿ ಜಾಲತಾಣವನ್ನೂ ನಮ್ಮ ಧಾರವಾಡ ಜಿಲ್ಲೆಯದನ್ನೂ ಅಕ್ಕಪಕ್ಕ ತೆರೆದು ನೋಡಿ. ಭಾಷೆ ಬೇರೆ, ಚಿತ್ರಗಳು ಬೇರೆ, ಚೌಕಟ್ಟು ಮಾತ್ರ ಒಂದೇ ಮನೆತನದ್ದು. ಎರಡೂ ಎನ್‌ಐಸಿಯ ಎಸ್‌3ವಾಸ್ ವ್ಯವಸ್ಥೆಯ ಮೇಲೆ ನಿಂತಿವೆ.

ಈ ಹಂಚಿಕೆಯ ಆಸೆ ಹಳೆಯದು. 1994ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿದ್ದ ಹೋಕೋನ್ ವಿಯುಮ್ ಲೀ ಸಿಎಸ್‌ಎಸ್‌ನ ಮೊದಲ ಪ್ರಸ್ತಾವ ಮುಂದಿಟ್ಟಾಗ, ಪುಟದ ರೂಪವನ್ನು ಬರೆದವನಷ್ಟೇ ಅಲ್ಲ, ಓದುವವನೂ ತಿದ್ದಬಹುದು ಎಂಬ ವಿಚಾರ ಅದರಲ್ಲಿತ್ತು. 1996ರ ಡಿಸೆಂಬರ್‌ನಲ್ಲಿ ಅದು ಮಾನಕವಾಯಿತು. ಟ್ವಿಟರ್‌ನ ಒಳಗಿನ ಉಪಕರಣಗಳು ಒಂದೇ ತೆರನಾಗಿರಲೆಂದು ಹುಟ್ಟಿದ ಬೂಟ್‌ಸ್ಟ್ರಾಪ್ 2011ರಲ್ಲಿ ಎಲ್ಲರದಾಯಿತು. 2017ರಲ್ಲಿ ಬಂದ ಟೇಲ್‌ವಿಂಡ್, 2020ರ ಅಕ್ಟೋಬರ್‌ನ 1.9 ಆವೃತ್ತಿಯಲ್ಲಿ 'ಪ್ರಿಸೆಟ್' ಕೊಟ್ಟಿತು: ಕಂಪನಿಯ ಬಣ್ಣ, ಅಂತರ, ಅಕ್ಷರಗಾತ್ರಗಳನ್ನು ಒಂದು ಕಡತದಲ್ಲಿಟ್ಟು ಎಲ್ಲ ತಾಣಗಳೂ ಅದನ್ನೇ ಕರೆಯಬಹುದು.

ನಮ್ಮ ಕಂಪನಿಯ ಒಂಬತ್ತು ತಾಣಗಳಿಗೂ ನಾವು ಹಾಗೇ ಮಾಡಿದೆವು. ಅದಕ್ಕೆ ಮೊದಲು ಒಂದು ಕಿತ್ತಳೆ ಬಣ್ಣ ಬದಲಿಸಲು ಒಂಬತ್ತು ಕಡೆ ಕೈ ಹಾಕಬೇಕಿತ್ತು. ಎಲ್ಲರಿಗೂ ಖುಷಿ. ಆದರೆ ಕನ್ನಡ ತಾಣ ತೆರೆದಾಗ ನನ್ನ ಎದೆ ಧಸಕ್ಕೆಂದಿತು. ಶೀರ್ಷಿಕೆಯಲ್ಲಿ 'ರಾಷ್ಟ್ರ' ಪದದ ಕೆಳಗಿನ ಒತ್ತುಗಳು ಕತ್ತರಿಸಿಹೋಗಿ 'ರಾಷ' ಅಷ್ಟೇ ಉಳಿದಿತ್ತು! ಸಾಲಿನ ಎತ್ತರವನ್ನು ಇಂಗ್ಲಿಷ್ ನೋಡಿ ನಿಗದಿ ಮಾಡಿದ್ದರು. ಅದು ಒತ್ತಿನ ಮೇಲೆ ಒತ್ತು ಬರುವ ನಮ್ಮ ಲಿಪಿಗೆ ಸಾಲಲಿಲ್ಲ.

"ಒತ್ತಕ್ಷರ ಇಲ್ಲದ ಪದ ಹಾಕಿ" ಎಂದರು ಸಭೆಯಲ್ಲೊಬ್ಬರು. ಇನ್ನೊಬ್ಬರು ಕನ್ನಡಕ್ಕೆ ಕಡತವನ್ನೇ ಬೇರೆ ಮಾಡೋಣ ಎಂದರು. ಮೊದಲನೆಯದು ಅವಮಾನ, ಎರಡನೆಯದು ಗಡಿಪಾರು: ನಾಳೆ ಬಣ್ಣ ಬದಲಾದರೆ ಆ ಸುದ್ದಿ ನಮಗೆ ತಲುಪುವುದಿಲ್ಲ.

ಉತ್ತರ ಪ್ರಿಸೆಟ್‌ನಲ್ಲೇ ಇತ್ತು. ಹಂಚಿದ ಕಡತವನ್ನು ಇಟ್ಟುಕೊಂಡೇ ನಮ್ಮ ಕಡತದ 'ಎಕ್ಸ್‌ಟೆಂಡ್' ಭಾಗದಲ್ಲಿ ಸಾಲಿನ ಎತ್ತರವನ್ನಷ್ಟೇ ತಿದ್ದಿದೆವು. ಅದರ ಹೊರಗೆ ಬರೆದಿದ್ದರೆ ಪ್ರಿಸೆಟ್‌ನ ಉಳಿದ ಎತ್ತರಗಳೆಲ್ಲ ಅಳಿಸಿಹೋಗುತ್ತಿದ್ದವು. 2025ರ ಜನವರಿಯ ನಾಲ್ಕನೇ ಆವೃತ್ತಿಯಲ್ಲಿ ಈ ಹೊಂದಿಕೆಯನ್ನು ಸಿಎಸ್‌ಎಸ್ ಕಡತದಲ್ಲೇ ಬರೆಯುವ ಪದ್ಧತಿ ಬಂದಿದೆ. ಬರೆಯುವ ಜಾಗ ಬದಲಾದರೂ ನಮ್ಮ ಪ್ರಶ್ನೆ ಅದೇ.

ಪುಣೆಗೆ ಬಂದು ನೆಲೆಸಿದ ನಮ್ಮಂಥವರಿಗೆ ಇದು ಹೊಸದಲ್ಲ. ಊರಿನ ರೀತಿಗೆ ಹೊಂದಿಕೊಳ್ಳುತ್ತೇವೆ. ಒತ್ತಕ್ಷರಕ್ಕೆ ಮಾತ್ರ ಜಾಗ ಕೇಳುತ್ತೇವೆ.