ಮನಾಗುವಾದ ಮಕ್ಕಳು ಕಟ್ಟಿದ ನುಡಿ

ಕಲ್ಲಿನ ಕೊಡಲಿ ಉಳಿಯುತ್ತದೆ, ಮೂಳೆ ಉಳಿಯುತ್ತದೆ, ಒಲೆಯ ಬೂದಿ ಕೂಡ ಉಳಿಯುತ್ತದೆ. ಆಡಿದ ಮಾತು ಮಾತ್ರ ಉಳಿಯುವುದಿಲ್ಲ. ಬರವಣಿಗೆಗೆ ಇರುವುದು ಸುಮಾರು 5,000 ವರ್ಷಗಳ ವಯಸ್ಸು. ಮಾತು ಅದಕ್ಕಿಂತ ಎಷ್ಟೋ ಹಿಂದಿನದು. ನಮ್ಮ ಹಲ್ಮಿಡಿ ಶಾಸನವನ್ನೇ ನೋಡಿ. ಅಲ್ಲಿ ಸಿಗುವುದು ತೊದಲುವ ಕನ್ನಡವಲ್ಲ, ಆಗಲೇ ಬೆಳೆದು ನಿಂತ ಕನ್ನಡ. ಬರಹದ ಜಾಡು ಹಿಡಿದು ಎಷ್ಟು ಹಿಂದೆ ಹೋದರೂ ನಮಗೆ ಎದುರಾಗುವುದು ಬೆಳೆದ ಭಾಷೆಗಳೇ. ಹಾಗಾದರೆ ಭಾಷೆಯ ಹುಟ್ಟನ್ನು ಯಾರಾದರೂ ಕಣ್ಣಾರೆ ನೋಡಿದ್ದಾರೆಯೇ? ಈ ಪ್ರಶ್ನೆ ಬಂದಾಗಲೆಲ್ಲ ನನ್ನ ಮನಸ್ಸು ಮಧ್ಯ ಅಮೆರಿಕದ ಪುಟ್ಟ ದೇಶವಾದ ನಿಕರಾಗುವಾದ ಕಡೆ ಹೋಗುತ್ತದೆ.

ಅದಕ್ಕೆ ಮೊದಲು ಇಬ್ಬರು ದೊರೆಗಳ ಕಥೆ ಹೇಳಬೇಕು. ಈಜಿಪ್ಟಿನ ಪ್ಸಮ್ಮೆಟಿಕಸ್ ಎಂಬ ಅರಸ ಎರಡು ಹಸುಗೂಸುಗಳನ್ನು ಕುರುಬನೊಬ್ಬನ ಕೈಗೆ ಕೊಟ್ಟು, ಅವುಗಳ ಮುಂದೆ ಯಾರೂ ಮಾತಾಡಬಾರದೆಂದು ಕಟ್ಟಪ್ಪಣೆ ಮಾಡಿದನಂತೆ. ಮಕ್ಕಳು ತಾವಾಗಿ ಆಡುವ ಮೊದಲ ಮಾತೇ ಮನುಷ್ಯಕುಲದ ಮೂಲಭಾಷೆ ಎಂಬುದು ಅವನ ಲೆಕ್ಕ. ಎರಡು ವರ್ಷದ ಬಳಿಕ ಮಕ್ಕಳು ಕೈಚಾಚಿ ‘ಬೆಕೋಸ್’ ಎಂದವು. ಫ್ರಿಜಿಯನ್ ನುಡಿಯಲ್ಲಿ ಹಾಗೆಂದರೆ ರೊಟ್ಟಿ. ಫ್ರಿಜಿಯನ್ನರೇ ಎಲ್ಲರಿಗಿಂತ ಹಳಬರು ಎಂದು ಅರಸ ಒಪ್ಪಿಕೊಂಡ. ಇದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿಟ್ಟ ಕಥೆ. ಅವು ಕೇಳಿದ್ದು ಆಡಿನ ಕೂಗನ್ನು, ಅದನ್ನೇ ಅನುಕರಿಸಿದವು ಎಂದು ಮುಂದಿನವರು ನಕ್ಕರು. ಇನ್ನೊಬ್ಬ ದೊರೆ ನಮ್ಮವನೇ, ಅಕ್ಬರ್. ಅವನೂ ಮಕ್ಕಳನ್ನು ಮಾತಿಲ್ಲದ ಮನೆಯೊಂದರಲ್ಲಿ ಬೆಳೆಸಿದ. ಜನ ಅದನ್ನು ‘ಗೂಂಗ್ ಮಹಲ್’ ಎಂದು ಕರೆದರು. ಕೆಲವು ವರ್ಷಗಳ ನಂತರ ಆ ಮಕ್ಕಳ ಬಾಯಿಂದ ಯಾವ ಭಾಷೆಯೂ ಬರಲಿಲ್ಲ. ಫಲಿತಾಂಶ ತಿಳಿಯಲು ಕ್ರೌರ್ಯ ಸಾಕಾಯಿತು. ಭಾಷೆ ಹುಟ್ಟಲು ಅದು ಸಾಕಾಗಲಿಲ್ಲ.

ವಿದ್ವಾಂಸರ ಪಾಡು ಇದಕ್ಕಿಂತ ಬೇರೆಯಾಗಿರಲಿಲ್ಲ. ನಾಯಿ ಬೊಗಳುವುದನ್ನು ಅನುಕರಿಸಿ ಮಾತು ಬಂತು, ನೋವಿನ ಉದ್ಗಾರದಿಂದ ಬಂತು, ಒಟ್ಟಾಗಿ ಭಾರ ಎಳೆಯುವಾಗಿನ ಐಸಾದಿಂದ ಬಂತು ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಊಹೆಗಳು ರಾಶಿ ಬಿದ್ದವು. ಯಾವುದಕ್ಕೂ ಪುರಾವೆ ಇರಲಿಲ್ಲ. ಕೊನೆಗೆ 1866ರಲ್ಲಿ ಪ್ಯಾರಿಸ್ಸಿನ ಭಾಷಾವಿಜ್ಞಾನ ಸಂಘ, ಭಾಷೆಯ ಮೂಲದ ಬಗ್ಗೆ ಯಾವ ಬರಹವನ್ನೂ ತಾನು ಸ್ವೀಕರಿಸುವುದಿಲ್ಲ ಎಂದು ತನ್ನ ನಿಯಮಾವಳಿಯಲ್ಲೇ ಬರೆದುಕೊಂಡಿತು.

ಆ ನಿಯಮ ಬಂದು ನೂರಾ ಹನ್ನೊಂದು ವರ್ಷಕ್ಕೆ, 1977ರಲ್ಲಿ, ನಿಕರಾಗುವಾದ ರಾಜಧಾನಿ ಮನಾಗುವಾದಲ್ಲಿ ಕಿವುಡ ಮಕ್ಕಳನ್ನು ಸೇರಿಸಿಕೊಳ್ಳುವ ಒಂದು ವಿಶೇಷ ಶಾಲೆ ತೆರೆಯಿತು. ಅಲ್ಲಿಯತನಕ ಆ ದೇಶದ ಕಿವುಡರು ಹೆಚ್ಚಾಗಿ ಅವರವರ ಮನೆಯಲ್ಲೇ ಒಂಟಿಯಾಗಿ ಬೆಳೆಯುತ್ತಿದ್ದರು. ಊಟ, ನೀರು, ಅಮ್ಮ, ಬಾ, ಹೋಗು ಎನ್ನಲು ಪ್ರತಿ ಮನೆಗೂ ಅದರದೇ ಕೆಲವು ಕೈಸನ್ನೆಗಳು. ಒಂದು ಮನೆಯ ಸನ್ನೆ ಪಕ್ಕದ ಮನೆಗೆ ತಿಳಿಯದು. 1979ರ ಸಾಂಡಿನಿಸ್ತಾ ಕ್ರಾಂತಿಯ ನಂತರ ಶಿಕ್ಷಣಕ್ಕೆ ಒತ್ತು ಬಂತು; 1980ರಲ್ಲಿ ಹದಿಹರೆಯದವರಿಗಾಗಿ ಒಂದು ವೃತ್ತಿಶಿಕ್ಷಣ ಶಾಲೆ ಶುರುವಾಯಿತು. 1983ರ ಹೊತ್ತಿಗೆ ಎರಡೂ ಶಾಲೆಗಳಲ್ಲಿ ಸೇರಿ 400ಕ್ಕೂ ಹೆಚ್ಚು ಕಿವುಡ ವಿದ್ಯಾರ್ಥಿಗಳಿದ್ದರು.

ಶಿಕ್ಷಕರು ಕಲಿಸಲು ಹೊರಟದ್ದು ಸ್ಪ್ಯಾನಿಶ್ ಭಾಷೆಯನ್ನು. ತುಟಿ ನೋಡಿ ಮಾತು ತಿಳಿಯಬೇಕು, ಬೆರಳಿನಲ್ಲಿ ಅಕ್ಷರ ತೋರಿಸಬೇಕು. ಎಂದೂ ಕೇಳದ ಭಾಷೆಯ ಅಕ್ಷರದಿಂದ ಮಕ್ಕಳಿಗೆ ಏನು ಸಿಕ್ಕೀತು? ಪಾಠ ತಲೆಗೆ ಹತ್ತಲಿಲ್ಲ. ಆದರೆ ತರಗತಿಯ ಹೊರಗೆ, ಆಟದ ಬಯಲಿನಲ್ಲಿ, ಶಾಲೆಯ ಬಸ್ಸಿನಲ್ಲಿ ಬೇರೆಯೇ ಕೆಲಸ ನಡೆದಿತ್ತು. ಮಕ್ಕಳು ತಂತಮ್ಮ ಮನೆಯ ಸನ್ನೆಗಳನ್ನು ಒಬ್ಬರಿಗೊಬ್ಬರು ತೋರಿಸಿ, ಕೆಲವನ್ನು ಉಳಿಸಿಕೊಂಡು, ಕೆಲವನ್ನು ಬಿಟ್ಟು, ಹೊಸತನ್ನು ಸೇರಿಸುತ್ತಿದ್ದರು. ದೊಡ್ಡವರಿಗೆ ಅದು ಅರ್ಥವಾಗುತ್ತಿರಲಿಲ್ಲ. 1986ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಅಮೆರಿಕದ ಭಾಷಾವಿಜ್ಞಾನಿ ಜೂಡಿ ಕೆಗಲ್ ಅವರನ್ನು ಕರೆಸಿತು. ಅವರು ಕಂಡದ್ದು ಬರೀ ಅಭಿನಯವಲ್ಲ. ಚಿಕ್ಕ ಮಕ್ಕಳ ಕೈಯಲ್ಲಿ ನಿಯಮಗಳಿದ್ದವು, ವ್ಯಾಕರಣವಿತ್ತು. ದೊಡ್ಡ ಹುಡುಗರಿಗಿಂತ ಅವರಿಂದ ಕಲಿತ ಕಿರಿಯರ ಸನ್ನೆಯೇ ಹೆಚ್ಚು ವೇಗವಾಗಿ, ಹೆಚ್ಚು ಕ್ರಮಬದ್ಧವಾಗಿ ಸಾಗುತ್ತಿತ್ತು.

ಈ ಮಾತಿಗೆ ಗಟ್ಟಿ ಆಧಾರ ಒದಗಿಸಿದ ಒಂದು ಅಧ್ಯಯನ ನನಗೆ ತುಂಬಾ ಮೆಚ್ಚುಗೆಯಾದದ್ದು. ಆನ್ ಸೆಂಗಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ್ದು. ಒಂದು ಕಾರ್ಟೂನಿನಲ್ಲಿ ಬೆಕ್ಕು ಬೌಲಿಂಗ್ ಚೆಂಡನ್ನು ನುಂಗಿ ಇಳಿಜಾರಿನ ರಸ್ತೆಯಲ್ಲಿ ಉರುಳುತ್ತಾ ಹೋಗುತ್ತದೆ. ಅದನ್ನು ನೋಡಿದವರು ಕಥೆಯನ್ನು ಮತ್ತೆ ಹೇಳಬೇಕು. ಸ್ಪ್ಯಾನಿಶ್ ಆಡುವ, ಕೇಳಬಲ್ಲ ನಿಕರಾಗುವಾದವರು ಮಾತಿನ ಜತೆ ಕೈಯಾಡಿಸುವಾಗ ಉರುಳುವುದನ್ನೂ ಇಳಿಯುವುದನ್ನೂ ಒಂದೇ ಬೀಸಿನಲ್ಲಿ ತೋರಿಸಿದರು. ಶಾಲೆಯ ಮೊದಲ ತಲೆಮಾರಿನ ಕಿವುಡರೂ ಬಹುಮಟ್ಟಿಗೆ ಹಾಗೇ ಮಾಡಿದರು. ಮುಂದಿನ ತಲೆಮಾರಿನವರು ಮಾತ್ರ ಅದನ್ನು ಬಿಡಿಸಿದರು: ಮೊದಲು ‘ಉರುಳು’, ಆಮೇಲೆ ‘ಕೆಳಕ್ಕೆ’. ನೋಡಿದ ಘಟನೆಗೆ ಹೋಲಿಸಿದರೆ ಇದು ಹಿಂದಿನ ಬೀಸಿಗಿಂತ ದೂರ ಸರಿದದ್ದು, ಏಕೆಂದರೆ ಬೆಕ್ಕು ಮೊದಲು ಉರುಳಿ ಆಮೇಲೆ ಇಳಿಯಲಿಲ್ಲ. ಆದರೆ ಬಿಡಿಯಾದ ‘ಉರುಳು’ ಈಗ ಎಲ್ಲಿಗೆ ಬೇಕಾದರೂ ಸೇರಬಲ್ಲದು. ಅಭಿನಯ ಪದವಾಗುವ ಗಳಿಗೆ ಇದೇ ಎಂದು ನಾನು ತಿಳಿಯುತ್ತೇನೆ. ಯಾರೂ ಕಲಿಸದೆ ಮಕ್ಕಳು ಈ ಹೆಜ್ಜೆ ಇಟ್ಟಿದ್ದರು.

ಮೊದಲ ತಲೆಮಾರು ಕಳೆದುಕೊಂಡದ್ದೇನು ಎಂಬುದು ಇನ್ನೊಂದು ಅಧ್ಯಯನದಿಂದ ತಿಳಿಯುತ್ತದೆ. ಒಬ್ಬ ಆಟಿಕೆಯನ್ನು ಒಂದು ಕಡೆ ಇಟ್ಟು ಹೊರಗೆ ಹೋಗುತ್ತಾನೆ. ಅವನಿಗೆ ತಿಳಿಯದಂತೆ ಇನ್ನೊಬ್ಬ ಅದನ್ನು ಬೇರೆ ಕಡೆ ಅಡಗಿಸುತ್ತಾನೆ. ಮರಳಿ ಬಂದವನು ಎಲ್ಲಿ ಹುಡುಕುತ್ತಾನೆ? ಇಂಥ ಚಿತ್ರಕಥೆಗಳನ್ನು ಜೆನ್ನಿ ಪೈಯರ್ಸ್ ಮತ್ತು ಸೆಂಗಸ್ ತೋರಿಸಿದಾಗ, ಬಾಳನ್ನು ಸಾಕಷ್ಟು ಕಂಡಿದ್ದ ಮೊದಲ ತಲೆಮಾರಿನ ವಯಸ್ಕರಲ್ಲಿ ಹೆಚ್ಚಿನವರು ಎಡವಿದರು, ಕಿರಿಯರು ಗೆದ್ದರು. ಹಿರಿಯರ ಸನ್ನೆಯಲ್ಲಿ ‘ತಿಳಿ’, ‘ಅಂದುಕೊಳ್ಳು’ ಎಂಬಂಥ ಪದಗಳ ಬಳಕೆ ಬಹಳ ಕಡಿಮೆಯಿತ್ತು. ಎರಡು ವರ್ಷ ಕಳೆದು ನೋಡಿದಾಗ ಆ ಹಿರಿಯರೂ ಕಿರಿಯರ ಒಡನಾಟದಲ್ಲಿ ಇಂಥ ಪದಗಳನ್ನು ಪಡೆದಿದ್ದರು, ಪರೀಕ್ಷೆಯಲ್ಲೂ ಸುಧಾರಿಸಿದ್ದರು. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಲೂ ಭಾಷೆಯ ಆಸರೆ ಬೇಕು ಎಂದಾಯಿತು.

ಇದು ಒಂದೇ ಕಡೆ ನಡೆದ ಪವಾಡವಲ್ಲ. ಇಸ್ರೇಲಿನ ನೆಗೆವ್ ಮರುಭೂಮಿಯ ಅಲ್-ಸಯ್ಯಿದ್ ಎಂಬ ಬೆಡೂಯಿನ್ ಊರಿನಲ್ಲಿ ವಂಶದಲ್ಲೇ ಕಿವುಡು ಹರಿದು ಬಂದು, ಕೇಳಬಲ್ಲವರೂ ಕಿವುಡರೂ ಹಂಚಿಕೊಂಡ ಸನ್ನೆ ಭಾಷೆಯೊಂದು ಬೆಳೆದಿದೆ. ಅದನ್ನು ಅಧ್ಯಯನ ಮಾಡಿದವರಿಗೆ ಅಲ್ಲಿ ಕಂಡದ್ದು ಕರ್ತೃ, ಕರ್ಮ, ಕೊನೆಗೆ ಕ್ರಿಯೆ ಎಂಬ ಅನುಕ್ರಮ. ಸುತ್ತಲಿನ ಅರಬ್ಬಿ ಆಡುನುಡಿಯಲ್ಲಾಗಲಿ ಹೀಬ್ರೂವಿನಲ್ಲಾಗಲಿ ಅದು ರೂಢಿಯ ಕ್ರಮವಲ್ಲ. ನಮ್ಮ ಕನ್ನಡದಲ್ಲಿ ಅದೇ ರೂಢಿ.

ಹಾಗೆಂದು ಮನುಷ್ಯನ ಮೊದಲ ಭಾಷೆ ಹೀಗೇ ಹುಟ್ಟಿತು ಎನ್ನಲಾಗದು. ಮನಾಗುವಾದ ಮಕ್ಕಳಿಗೆ ಇದ್ದದ್ದು ಇಂದಿನ ಮನುಷ್ಯನ ಮಿದುಳು. ಸುತ್ತಮುತ್ತ ಮಾತಾಡುವ ಜನರಿದ್ದರು, ಮಾತೆಂಬುದೊಂದು ಇದೆ ಎಂದು ಆ ಮಕ್ಕಳು ಬಲ್ಲರು. ಆ ಮಿದುಳು ಹೇಗೆ ರೂಪುಗೊಂಡಿತು ಎಂಬುದಕ್ಕೆ ಶಾಲೆಯ ಅಂಗಳದಲ್ಲಿ ಉತ್ತರವಿಲ್ಲ. ಅಲ್ಲಿ ಸಿಕ್ಕ ಉತ್ತರ ಬೇರೆ. ಭಾಷೆ ಒಬ್ಬ ಜಾಣನ ತಲೆಯಿಂದ ಇಳಿದು ಬರಲಿಲ್ಲ. ಅದಕ್ಕೆ ಎಳೆಯ ಮಕ್ಕಳು ಬೇಕು, ಅವರು ಒಟ್ಟಿಗೆ ಇರಬೇಕು, ಅವರ ಹಿಂದೆ ಇನ್ನೂ ಎಳೆಯರು ಬರುತ್ತಿರಬೇಕು. ಅಕ್ಬರನ ಮನೆಯಲ್ಲಿ ಮಕ್ಕಳಿದ್ದರು. ಹಿರಿಯರಿಂದ ಪಡೆದು ಕಿರಿಯರಿಗೆ ದಾಟಿಸುವ ಸಮುದಾಯ ಇರಲಿಲ್ಲ.

ಈ ಕಾರಣಕ್ಕೇ ಇದು ನನಗೆ ಹಳೆಯ ಕುತೂಹಲದ ವಿಷಯವಾಗಿ ಉಳಿದಿಲ್ಲ. 1880ರಲ್ಲಿ ಮಿಲಾನಿನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ ಬಾಯಿಮಾತೇ ಶ್ರೇಷ್ಠ ಎಂದು ಠರಾವು ಮಾಡಿ ಸನ್ನೆಯನ್ನು ಶಾಲೆಗಳಿಂದ ಹೊರದಬ್ಬಿತು. ಸನ್ನೆ ಭಾಷೆಗೂ ಮಾತಿನ ಭಾಷೆಯಂತೆಯೇ ಒಳರಚನೆಯಿದೆ ಎಂದು ವಿಲಿಯಂ ಸ್ಟೋಕೋ 1960ರಲ್ಲಿ ತೋರಿಸಿಕೊಟ್ಟ ಮೇಲೂ ಆ ಠರಾವಿನ ನೆರಳು ದೀರ್ಘವಾಗಿ ಉಳಿಯಿತು. ಭಾರತೀಯ ಸನ್ನೆ ಭಾಷೆಯ ಮೊದಲ ಸರ್ಕಾರಿ ನಿಘಂಟು ಬಂದದ್ದು 2018ರಲ್ಲಿ, 3,000 ಪದಗಳೊಂದಿಗೆ. 2021ಕ್ಕೆ ಅದು 10,000 ಪದಗಳಾಯಿತು. ಕನ್ನಡದಲ್ಲಿ ನಾವು ಇಂದಿಗೂ ಕಿವುಡ ಮಗುವನ್ನು ಸಲೀಸಾಗಿ ‘ಮೂಗ’ ಎನ್ನುತ್ತೇವೆ. ಕಿವುಡ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ಕೇಳಬಲ್ಲ ತಂದೆತಾಯಿಗೆ, ಸನ್ನೆ ಭಾಷೆ ಬಾರದ ಮನೆಯಲ್ಲಿ. ಮಗುವಿಗೆ ಮಾತು ಬರಲಿ ಎಂದು ಮನೆಯವರು ಕಾಯುತ್ತಾರೆ, ಅಷ್ಟರಲ್ಲಿ ಭಾಷೆ ಕಲಿಯುವ ವಯಸ್ಸು ಜಾರಿಹೋಗುತ್ತದೆ. ಇಂಥ ಮನೆಗೂ ಗೂಂಗ್ ಮಹಲಿಗೂ ಇರುವ ಅಂತರ ಪ್ರೀತಿಯೊಂದೇ. ಆ ಪ್ರೀತಿ ಇದ್ದಮೇಲೆ ಮಗುವನ್ನು ಸನ್ನೆ ಬಲ್ಲ ಬೇರೆ ಮಕ್ಕಳ ನಡುವೆ ಬೇಗ ಬಿಡುವುದು, ತಾವೂ ಕೂತು ಅದನ್ನು ಕಲಿಯುವುದು ದೊಡ್ಡವರಿಂದ ಆಗುವ ಕೆಲಸ.