ನೋಯ್ಡಾದಲ್ಲೊಂದು ಸಿ ಡ್ರೈವ್

ಅಪ್ಪ ತೀರಿಕೊಂಡ ವರ್ಷ ಊರಿನಿಂದ ನೋಯ್ಡಾಕ್ಕೆ ಒಂದು ಪೆನ್‌ಡ್ರೈವ್ ತಂದೆ. ನಿವೃತ್ತಿಯ ನಂತರ ಅವರು ಕೂತು ಟೈಪ್ ಮಾಡಿದ ನೆನಪುಗಳು ಅದರಲ್ಲಿದ್ದವು. ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಪ್ಪ ಬಳಸಿದ್ದು ವಿಂಡೋಸ್‌ಗೆಂದೇ ಮಾಡಿದ ಹಳೆಯ ಕನ್ನಡ ತಂತ್ರಾಂಶ. ನೆಹರೂ ಪ್ಲೇಸ್‌ನ ಅಂಗಡಿಯವನು ‘ವಿಂಡೋಸ್ ಹಾಕಿಸಿಕೊಳ್ಳಿ’ ಎಂದ. ನಾನು ವೈನ್ ಹಾಕಿಕೊಂಡೆ.

ವಿಂಡೋಸ್ 3.1ರ ಪ್ರೋಗ್ರಾಮುಗಳನ್ನು ಲಿನಕ್ಸ್‌ನಲ್ಲಿ ನಡೆಸಲೆಂದು 1993ರಲ್ಲಿ ಬಾಬ್ ಆಮ್‌ಸ್ಟಾಟ್ ಮತ್ತು ಎರಿಕ್ ಯಂಗ್‌ಡೇಲ್ ಶುರು ಮಾಡಿದ ಕೆಲಸ ಇದು. ಮರುವರ್ಷ ಅಲೆಕ್ಸಾಂಡ್ರ್ ಜೂಲಿಯಾರ್ ಹೊಣೆ ಹೊತ್ತರು. 1.0 ಆವೃತ್ತಿ ಬಂದದ್ದು 2008ರ ಜೂನ್‌ನಲ್ಲಿ, 15 ವರ್ಷಗಳ ಮೇಲೆ. ವೈನ್ ಒಳಗೆ ವಿಂಡೋಸ್ ಇರುವುದಿಲ್ಲ. ‘ಕಡತ ಓದು’, ‘ಅಕ್ಷರ ತೋರಿಸು’ ಎಂದು ಪ್ರೋಗ್ರಾಮು ವಿಂಡೋಸನ್ನು ಕೇಳುವುದನ್ನೆಲ್ಲ ಅದು ಲಿನಕ್ಸ್‌ಗೆ ತಿಳಿಯುವಂತೆ ದಾಟಿಸುತ್ತದೆ. ನಮ್ಮ ಫೋಲ್ಡರಿನೊಳಗೇ ಒಂದು ಸಿ ಡ್ರೈವ್ ಕೂಡ ಹೂಡಿಕೊಡುತ್ತದೆ. ಪ್ರೋಗ್ರಾಮು ತನ್ನ ಊರಲ್ಲೇ ಇದ್ದೇನೆಂದುಕೊಂಡು ಕೆಲಸ ಮಾಡುತ್ತದೆ. ದೆಹಲಿಯ ಫ್ಲ್ಯಾಟಿನಲ್ಲಿ ಸಾರಿನ ಪುಡಿ ಹುರಿಯುವ ನಮಗೆ ಇದು ಹೊಸದಲ್ಲ.

ತಂತ್ರಾಂಶ ತೆರೆದುಕೊಂಡಿತು. ಅಪ್ಪನ ಮೊದಲ ಸಾಲು ಕಂಡಿತು. ಅದನ್ನು ನಕಲಿಸಿ ತಂಗಿಯ ಮೊಬೈಲಿಗೆ ಕಳಿಸಿದೆ. ‘ಅಣ್ಣಾ, ಏನೋ ಇಂಗ್ಲಿಷ್ ಬಂದಿದೆ’ ಎಂದಳು.

1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಶೇಷಾದ್ರಿವಾಸು 1998ರಲ್ಲಿ ‘ಬರಹ’ ಹೊರತಂದಾಗ ಮನೆಯ ಕಂಪ್ಯೂಟರುಗಳಿಗೆ ಅದು ತಿಳಿದಿರಲಿಲ್ಲ. ವಿಂಡೋಸ್ ತನ್ನದೇ ‘ತುಂಗಾ’ ಫಾಂಟಿನೊಡನೆ ಕನ್ನಡ ತೋರಿಸಿದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗಿನ ಉಪಾಯವೆಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಹಾಗೇ ಬೆಳೆಯಿತು. ಫಾಂಟು ತೆಗೆದರೆ ಕನ್ನಡವೂ ಹೋಯಿತು. ತಪ್ಪೆನ್ನಲಾರೆ, ಆ ಉಪಾಯವಿಲ್ಲದಿದ್ದರೆ ಅಪ್ಪ ಬರೆಯುತ್ತಲೇ ಇರಲಿಲ್ಲ.

ಕೊನೆಗೆ ಪರಿವರ್ತಕದಲ್ಲಿ ಹಾಕಿ ಎಲ್ಲವನ್ನೂ ಯೂನಿಕೋಡ್ ಮಾಡಿದೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಟ್ಟಿದ್ದವು. ಪಕ್ಕದಲ್ಲಿ ವೈನ್‌ನೊಳಗಿನ ಮೂಲ ಪ್ರತಿ ಇಟ್ಟುಕೊಂಡು ಒಂದೊಂದೇ ತಿದ್ದಿದೆ. ಹಾಗೆ ತಿದ್ದುತ್ತಲೇ ಅಪ್ಪನನ್ನು ಪೂರ್ತಿ ಓದಿದೆ.

ವೈನ್ ಹಳೆಯ ತಂತ್ರಾಂಶವನ್ನು ಉಳಿಸಿಕೊಟ್ಟೀತು, ಬರವಣಿಗೆಯನ್ನಲ್ಲ. ನಿಮ್ಮ ಮನೆಯಲ್ಲೂ ಅಂಥ ಕಡತಗಳಿದ್ದರೆ, ಟೈಪ್ ಮಾಡಿದವರು ಇರುವಾಗಲೇ ಯೂನಿಕೋಡ್‌ಗೆ ತನ್ನಿ. ಅನುಮಾನ ಬಂದ ಕಡೆ ಅವರನ್ನೇ ಕೇಳಬಹುದು.