ಬಸ್ರೂರಿನ ಅಕ್ಕಿಯ ಬೇರು

ವಿಜಯನಗರದ ಅರಸರ ಕಾಲಕ್ಕೆ ಬಾರಕೂರು ಒಂದು ರಾಜ್ಯಕ್ಕೇ ಹೆಸರು ಕೊಟ್ಟಿತ್ತು. ಅಲ್ಲಿಂದ ಬಡಗಣಕ್ಕೆ, ವಾರಾಹಿಯ ದಡದಲ್ಲಿ, ಬಸ್ರೂರು ರೇವುಪಟ್ಟಣವಾಗಿ ಬೆಳೆದಿತ್ತು. ಸುತ್ತಲ ಬೈಲುಗಳ ಅಕ್ಕಿ ಹುಲ್ಲಿನ ಮುಡಿಗಳಲ್ಲಿ ಅಲ್ಲಿಗೆ ಬಂದು ಹಡಗು ಹತ್ತುತ್ತಿತ್ತು. ಗೋವೆಯ ಪೋರ್ಚುಗೀಸರು ಆ ಅಕ್ಕಿಯನ್ನು ಉಂಡು ಬದುಕಿದರು, ಅದಕ್ಕಾಗಿ ಕಾದಿದರು, ಕಪ್ಪವನ್ನೂ ಅಕ್ಕಿಯಲ್ಲೇ ಬೇಡಿದರು. 1569ರಲ್ಲಿ ಅವರು ಇಲ್ಲಿ ಕೋಟೆ ಕಟ್ಟಿದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಹೊರಗಟ್ಟಿದ. 1665ರಲ್ಲಿ ಶಿವಾಜಿಯ ನೌಕಾಪಡೆ ಬಂದು ಪಟ್ಟಣವನ್ನು ಸೂರೆಗೈದಿತು. ಕೋಟೆ ಕೈ ಬದಲಾಯಿಸಿತು, ಅರಸರು ಅಳಿದರು. ಬೈಲಿನಲ್ಲಿ ಕಾರ್ತಿ ಬೆಳೆ, ಸುಗ್ಗಿ ಬೆಳೆ ಮಾತ್ರ ವರ್ಷವರ್ಷವೂ ತಪ್ಪದೆ ಬಂದವು.

ಇದು ಸಣ್ಣ ಸಂಗತಿಯಲ್ಲ. ಬೈಂದೂರಿನಿಂದ ಬ್ರಹ್ಮಾವರದ ತನಕ ನೆಲ ಬಹುಪಾಲು ಮುರಕಲ್ಲಿನ ಹುಳಿಮಣ್ಣು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿದು ಮಣ್ಣಿನ ಸಾರವನ್ನು ಸಮುದ್ರಕ್ಕೆ ತೊಳೆದೊಯ್ಯುತ್ತದೆ. ನದಿಯ ಮೆಕ್ಕಲು ಬೈಲನ್ನು ತಕ್ಕಮಟ್ಟಿಗೆ ಕಾಪಾಡಿತು, ನಿಜ. ಮೆಕ್ಕಲು ಹತ್ತದ, ನಡುಮಟ್ಟದ ಮಜಲು, ಎತ್ತರದ ಬೆಟ್ಟು ಗದ್ದೆಗಳನ್ನು ಕಾಪಾಡಿದ್ದು ಹಾಡಿಯ ಸೊಪ್ಪು, ಒಣಗಿದ ದರಲೆ, ಹಟ್ಟಿಯ ಗೊಬ್ಬರ, ಸುಡುಮಣ್ಣು. 1801ರ ಆರಂಭದಲ್ಲಿ ಕುಂದಾಪುರ, ಬೈಂದೂರುಗಳ ಮೂಲಕ ಬಡಗಣಕ್ಕೆ ಸಾಗಿದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ಕರಾವಳಿಯ ಗದ್ದೆಗಳ ತರಗತಿ, ಬೆಳೆ, ಬೇಸಾಯಗಳನ್ನು ಊರೂರಲ್ಲಿ ವಿಚಾರಿಸಿದ. ಅವನ ಗ್ರಂಥ 1807ರಲ್ಲಿ ಅಚ್ಚಾಯಿತು. ಬ್ರಿಟಿಷರ ಕಂದಾಯ ವ್ಯವಸ್ಥೆಯೂ ಸೊಪ್ಪಿನ ಬೆಲೆಯನ್ನು ಅಲ್ಲಗಳೆಯಲಿಲ್ಲ. ವರ್ಗದ (ಪಟ್ಟಾ) ಜಮೀನಿನ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಸೌದೆ, ಮೇವು ತರುವ ಸವಲತ್ತು ಒಕ್ಕಲಿಗನಿಗೆ ಇತ್ತು. ಅದೇ ಕುಮ್ಕಿ. ಒಂದು ಎಕರೆ ಗದ್ದೆ ಉಳಿಯಬೇಕಾದರೆ ಅದರ ಬೆನ್ನಿಗೆ ಹಸುರು ಬೇಕೆಂಬ ತಿಳಿವು ಹೀಗೆ ಕಡತಕ್ಕೂ ಏರಿತು.

ಆ ಸೊಪ್ಪು ಕೊಳೆತು ಯಾರಿಗೆ ಊಟವಾಗುತ್ತಿತ್ತು? ಉತ್ತರ ಬೇರೆ ನಾಡುಗಳಿಂದ, ಬಹಳ ನಿಧಾನವಾಗಿ ಬಂತು. 1870ರ ದಶಕದಲ್ಲಿ ಜರ್ಮನಿಯ ಫರ್ಡಿನೆಂಡ್ ಕೋನ್ ಒಣಹುಲ್ಲನ್ನು ಕುದಿಸಿದ ನೀರಿನಲ್ಲೂ ಸಾಯದೆ ಉಳಿಯುವ ಜೀವಿಯೊಂದನ್ನು ಗುರುತಿಸಿದ. ಅದು ಬ್ಯಾಸಿಲಸ್ ಸಬ್ಟಿಲಿಸ್. ಬಿಸಿಲು ಬೇಗೆಗೆ ಬೀಜಕಣವಾಗಿ ಮಲಗಿ, ತೇವ ಸಿಕ್ಕಾಗ ಏಳುವ ಬ್ಯಾಕ್ಟೀರಿಯಾ. ಭತ್ತದ ಹುಲ್ಲು ಅದರ ಸಹಜ ನೆಲೆ. ಜಪಾನಿನವರು ಬೇಯಿಸಿದ ಸೋಯಾವನ್ನು ಆ ಹುಲ್ಲಿನಲ್ಲೇ ಸುತ್ತಿ ನಟ್ಟೊ ಎಂಬ ಹುದುಗು ತಿನಿಸು ಮಾಡಿದರು. ಹುಲ್ಲಿನಿಂದ ಮುಡಿ ಕಟ್ಟುತ್ತಿದ್ದ ನಮ್ಮವರ ಕೈಗೂ ಆ ಜೀವಿ ಹೊಸದಾಗಿರಲಿಕ್ಕಿಲ್ಲ. 1888ರಲ್ಲಿ ಡಚ್ ವಿಜ್ಞಾನಿ ಬೈಜೆರಿಂಕ್ ದ್ವಿದಳ ಗಿಡಗಳ ಬೇರುಗಂಟಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ. ಭತ್ತದ ಕೊಯ್ಲಿನ ಹಿಂದೆಯೇ ದ್ವಿದಳವಾದ ಉದ್ದು ಬಿತ್ತುವ ಕುಂದಾಪುರದ ಪದ್ಧತಿಗೆ ಅಲ್ಲಿ ವಿಜ್ಞಾನದ ಸಾಕ್ಷಿ ಸಿಕ್ಕಿತು. ಬೇರಿನ ಸುತ್ತಲ ಮಣ್ಣು ಒಂದು ಬೇರೆಯೇ ಲೋಕ ಎಂದು 1904ರಲ್ಲಿ ಜರ್ಮನ್ ವಿಜ್ಞಾನಿ ಲೊರೆಂಜ್ ಹಿಲ್ಟ್ನರ್ ಸಾರಿದ.

ಆ ಲೋಕದ ಒಳನಡೆ ಅರಿವಿಗೆ ಬಂದದ್ದು ನಮ್ಮ ಕಾಲದಲ್ಲಿ. ಎಲೆ ಬಿಸಿಲಿನಲ್ಲಿ ದುಡಿದ ಸಕ್ಕರೆಯ ಒಂದು ಪಾಲನ್ನು ಬೇರು ಮಣ್ಣಿಗೆ ಒಸರುತ್ತದೆ. ಜತೆಗೆ ಮ್ಯಾಲಿಕ್ ಆಮ್ಲದಂಥ ಹುಳಿಗಳನ್ನೂ. ಬ್ಯಾಕ್ಟೀರಿಯಾಗಳು ಆ ರುಚಿ ಹಿಡಿದು, ಬಾಲದಂಥ ಎಳೆಗಳನ್ನು ತಿರುಗಿಸುತ್ತ ಈಜಿ ಬರುತ್ತವೆ. ಬೇರಿಗೆ ತಾಗಿದ ಮೇಲೆ ಅವುಗಳ ಬಾಳುವೆಯೇ ಬದಲಾಗುತ್ತದೆ. ಬೇರಿನ ಗೋಡೆಯ ಸಕ್ಕರೆ ಸರಪಳಿಗಳೇ ಅವಕ್ಕೆ ಸೂಚನೆ ಎಂದು 2013ರಲ್ಲಿ ಬ್ಯಾಸಿಲಸ್ ಮೇಲಿನ ಸಂಶೋಧನೆ ತೋರಿಸಿತು. ಈಜು ನಿಲ್ಲಿಸಿ, ಒಂದಕ್ಕೊಂದು ಅಂಟಿ, ಸಕ್ಕರೆಯ ಲೋಳೆಯನ್ನೂ ಪ್ರೋಟೀನಿನ ನೂಲನ್ನೂ ಹೊರಹಾಕಿ, ಕಾಸಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಬೇರಿನ ಮೇಲೆ ಪೊರೆ ಕಟ್ಟುತ್ತವೆ. ಇದೇ ಜೈವಿಕ ಪೊರೆ, ಬಯೋಫಿಲ್ಮ್.

ಆಷಾಢದ ಮಳೆಯ ನಾಡಿಗೆ ಈ ಪೊರೆಯ ಮಹತ್ವ ಹೆಚ್ಚು. ಬಿಡಿಯಾಗಿದ್ದರೆ ನೀರಿನೊಡನೆ ಹರಿದುಹೋಗುವ ಜೀವಿ ಪೊರೆಯೊಳಗೆ ನೆಲೆ ನಿಲ್ಲುತ್ತದೆ. ಮಳೆ ಬಿಟ್ಟ ದಿನಗಳಲ್ಲಿ ಪೊರೆ ತೇವವನ್ನೂ ಹಿಡಿದಿಡುತ್ತದೆ. ಪೊರೆಯೊಳಗಿಂದಲೇ ಬ್ಯಾಸಿಲಸ್ ರೋಗದ ಶಿಲೀಂಧ್ರಗಳನ್ನು ತಡೆಯುವ ರಸಗಳನ್ನು ಬಿಡುತ್ತದೆ, ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ರೋಗಾಣುವಿಗೆ ಕಬ್ಬಿಣ ಸಿಗದಂತೆ ಅದನ್ನು ತಾನೇ ಸೆಳೆದುಕೊಳ್ಳುತ್ತದೆ, ಅಜೋಸ್ಪಿರಿಲಮ್ ಎಂಬ ಇನ್ನೊಂದು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ, ಬೇರು ಕವಲೊಡೆಯಲು ಪ್ರಚೋದಕವನ್ನೂ ಕೊಡುತ್ತದೆ.

ಈ ಜೀವಿಗಳು ಈಗ ಪೊಟ್ಟಣದಲ್ಲಿ ಸಿಗುತ್ತವೆ. ನೇಜಿಯ ಬೇರನ್ನು ಅಜೋಸ್ಪಿರಿಲಮ್ ಕದಡಿದ ನೀರಿನಲ್ಲಿ ಅದ್ದಿ ನೆಡುವುದು ರೈತರಿಗೆ ಅಪರಿಚಿತವಲ್ಲ. ಒಳ್ಳೆಯ ಕೆಲಸ. ಆದರೆ ಹೊರಗಿಂದ ತಂದ ಜೀವಿ ಬರಿಮಣ್ಣಿನಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಅದಕ್ಕೆ ಕೊಳೆಯುವ ಸಾವಯವ ಬೇಕು, ತೀರಾ ಹುಳಿಯೇರದ ನೆಲ ಬೇಕು. ಹಟ್ಟಿಗಳು ಖಾಲಿಯಾಗಿವೆ, ಕುಮ್ಕಿಯ ಹಾಡಿಗಳಲ್ಲಿ ಅಕೇಶಿಯ, ರಬ್ಬರ್ ಎದ್ದಿವೆ. ಬಸ್ರೂರಿನ ಕೋಟೆಯ ಕಥೆ ಹೇಳುವ ನಾವು ಆ ಅಕ್ಕಿಯನ್ನು ಬೆಳೆಸಿದ ಸೊಪ್ಪಿನ ಕಥೆಯನ್ನು ಮರೆತದ್ದು ದೊಡ್ಡ ನಷ್ಟ ಎಂಬುದು ನನ್ನ ದೃಢ ಅಭಿಪ್ರಾಯ. ಬ್ರಹ್ಮಾವರದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ಈ ಮಳೆಗಾಲಕ್ಕೆ ಮೊದಲು ಗದ್ದೆಯ ಮಣ್ಣನ್ನು ಪರೀಕ್ಷೆ ಮಾಡಿಸಿ, ಹುಳಿ ಹೆಚ್ಚಿದ್ದರೆ ಸುಣ್ಣ ಹಾಕಿ, ಪೊಟ್ಟಣ ಒಡೆಯುವ ಮೊದಲು ಸೊಪ್ಪು, ಗೊಬ್ಬರ ಕೊಡಿ.